ಮೊದಲು ಆಕಾರ, ಆಮೇಲೆ ದಿಕ್ಕು: ಸ್ಕ್ಯಾಟರ್ ಪ್ಲಾಟ್‌ನಲ್ಲಿ ಸಹಸಂಬಂಧ ಗುರುತಿಸುವ ಬಗೆ

ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧದ, ಅಂದರೆ ಎರಡು ಅಳತೆಗಳು ಒಟ್ಟೊಟ್ಟಿಗೆ ಹೇಗೆ ಬದಲಾಗುತ್ತವೆ ಎಂಬುದರ, ಪಾಠಕ್ಕೆ ಬಂದರೆ ಸಾಲಾಗಿ ನಿಂತ ಕೆಲವು ಪುಟ್ಟ ಚುಕ್ಕೆ ಚಿತ್ರಗಳು (ಸ್ಕ್ಯಾಟರ್ ಪ್ಲಾಟ್) ಎದುರಾಗುತ್ತವೆ. ಚುಕ್ಕೆಗಳು ಎಡದಿಂದ ಬಲಕ್ಕೆ ಏರಿದರೆ ಧನಾತ್ಮಕ, ಇಳಿದರೆ ಋಣಾತ್ಮಕ, ದಿಕ್ಕಿಲ್ಲದೆ ಎರಚಿಕೊಂಡಿದ್ದರೆ ಸಹಸಂಬಂಧವಿಲ್ಲ. ಎಲ್ಲ ಚುಕ್ಕೆಗಳೂ ಒಂದೇ ಗೆರೆಯ ಮೇಲೆ ನಿಂತರೆ ಅದಕ್ಕೆ ‘ಪರಿಪೂರ್ಣ’ ಎಂಬ ವಿಶೇಷಣ ಸೇರುತ್ತದೆ. ಪರೀಕ್ಷೆಯಲ್ಲಿ ಅಂಕ ಗಳಿಸಲು ಇಷ್ಟು ಸಾಕು. ಆದರೆ ನಿಜವಾದ ಅಂಕಿಅಂಶಗಳನ್ನು ನಕ್ಷೆಗೆ ಇಳಿಸಿದಾಗ ಅವು ಈ ಪುಟ್ಟ ಚಿತ್ರಗಳ ಹಾಗೆ ಕಾಣುವುದು ಅಪರೂಪ. ಬಾಗಿರುತ್ತವೆ, ಗುಂಪುಗುಂಪಾಗಿರುತ್ತವೆ, ಒಂದೆರಡು ಚುಕ್ಕೆಗಳು ಎಲ್ಲೋ ದೂರದಲ್ಲಿ ನಿಂತಿರುತ್ತವೆ.

ನನ್ನ ಮಟ್ಟಿಗೆ ತೊಡಕಿರುವುದು ಓದುವ ಕ್ರಮದಲ್ಲಿ. ನಮಗೆ ಮೊದಲು ಕಲಿಸುವುದು ದಿಕ್ಕನ್ನು. ಮೊದಲು ನೋಡಬೇಕಾದದ್ದು ಆಕಾರವನ್ನು. ಆಕಾರ ಸರಳರೇಖೆಯನ್ನು ಹೋಲದಿದ್ದರೆ ಧನಾತ್ಮಕವೋ ಋಣಾತ್ಮಕವೋ ಎಂಬ ಪ್ರಶ್ನೆಯೇ ಅರ್ಧಂಬರ್ಧವಾಗುತ್ತದೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ಒಂದು ಗ್ರಾಫ್ ಹಾಳೆ, ಪೆನ್ಸಿಲ್ ಪಕ್ಕದಲ್ಲಿರಲಿ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದರೂ ಆಗುತ್ತದೆ.

ಹಂತ 1: ನಕ್ಷೆಯನ್ನು ಸರಿಯಾಗಿ ಬಿಡಿಸಿ

ಒಂದು ಚುಕ್ಕೆ ಎಂದರೆ ಒಬ್ಬ ವ್ಯಕ್ತಿ, ಒಂದು ಊರು, ಒಂದು ಕಾರು, ಒಂದು ಹೂವು. ಅಂದರೆ ಎರಡು ಅಳತೆಗಳನ್ನು ಒಟ್ಟಿಗೆ ಹೊತ್ತ ಒಂದು ಘಟಕ. ಕಾರಣವಿರಬಹುದು ಎಂದು ನೀವು ಊಹಿಸುವ ಚಲಕವನ್ನು (ಬದಲಾಗುವ ಅಳತೆಯನ್ನು) ಅಡ್ಡ ಅಕ್ಷಕ್ಕೆ, ಪರಿಣಾಮ ಎನಿಸುವುದನ್ನು ಲಂಬ ಅಕ್ಷಕ್ಕೆ ಹಾಕುವುದು ವಾಡಿಕೆ. ಅಕ್ಷಗಳನ್ನು ಅದಲುಬದಲು ಮಾಡಿದರೂ ಸಹಸಂಬಂಧ ಗುಣಾಂಕ, ಅಂದರೆ ಸರಳರೇಖೆಯ ಸಂಬಂಧದ ದಿಕ್ಕು ಮತ್ತು ಬಲವನ್ನು −1ರಿಂದ +1ರೊಳಗೆ ಹೇಳುವ ಸಂಖ್ಯೆ, ಬದಲಾಗುವುದಿಲ್ಲ. ಚುಕ್ಕೆಗಳನ್ನು ಗೆರೆಯಿಂದ ಜೋಡಿಸಬೇಡಿ. ಎಕ್ಸೆಲ್‌ನಲ್ಲಿ ಲೈನ್ ಚಾರ್ಟ್ ಆರಿಸಿಕೊಂಡು ಸ್ಕ್ಯಾಟರ್ ಎಂದು ಭಾವಿಸುವವರು ಬಹಳ ಮಂದಿ. ಲೈನ್ ಚಾರ್ಟ್ ಮೊದಲ ಕಾಲಂನ ಸಂಖ್ಯೆಗಳನ್ನು ಬರೀ ಹೆಸರುಗಳಂತೆ ಪರಿಗಣಿಸಿ ಸಮಾನ ಅಂತರದಲ್ಲಿ ಜೋಡಿಸಬಹುದು. ಆಗ 4, 5, 14 ಮೂರೂ ಅಕ್ಕಪಕ್ಕದಲ್ಲಿ ಕೂರುತ್ತವೆ, ನಕ್ಷೆ ಕೆಡುತ್ತದೆ.

ಅಳತೆಪಟ್ಟಿ ಸೊನ್ನೆಯಿಂದಲೇ ಶುರುವಾಗಬೇಕೆಂಬ ನಿಯಮ ಇಲ್ಲಿಲ್ಲ. ಅದು ಸ್ತಂಭ ನಕ್ಷೆಯ ನಿಯಮ. ಇಲ್ಲಿ ಚುಕ್ಕೆಗಳು ಚೌಕಟ್ಟನ್ನು ಬಹುಪಾಲು ತುಂಬುವಂತೆ ಅಕ್ಷಗಳನ್ನು ಹೊಂದಿಸಿ. ಇದು ಅಂದದ ಮಾತಲ್ಲ. 1982ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು ತೋರಿಸಿದಂತೆ, ಅವೇ ಅಂಕಿಗಳನ್ನು ದೊಡ್ಡ ಚೌಕಟ್ಟಿನ ನಡುವೆ ಪುಟ್ಟದಾಗಿ ಮುದುಡಿ ಕೂರಿಸಿದರೆ ನೋಡುವವರಿಗೆ ಸಂಬಂಧ ಇರುವುದಕ್ಕಿಂತ ಬಲವಾಗಿ ಕಾಣುತ್ತದೆ. ಎರಡು ನಕ್ಷೆಗಳನ್ನು ಹೋಲಿಸುವಾಗ ಇದು ನೆನಪಿರಲಿ.

ಈಗ ಕೆಳಗಿನ ಹನ್ನೊಂದು ಜೋಡಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಜೋಡಿಯ ಮೊದಲ ಸಂಖ್ಯೆ ಅಡ್ಡ ಅಕ್ಷದ್ದು.

(10, 8.04), (8, 6.95), (13, 7.58), (9, 8.81), (11, 8.33), (14, 9.96), (6, 7.24), (4, 4.26), (12, 10.84), (7, 4.82), (5, 5.68)

ಪಕ್ಕದಲ್ಲಿ ಇನ್ನೊಂದು ನಕ್ಷೆಗೆ ಜಾಗ ಬಿಡಿ. ಅದರಲ್ಲಿ ಅಡ್ಡ ಅಕ್ಷದ ಸಂಖ್ಯೆಗಳು ಇವೇ, ಇದೇ ಸರದಿಯಲ್ಲಿ. ಲಂಬ ಅಕ್ಷದವು ಮಾತ್ರ ಬೇರೆ: 9.14, 8.14, 8.74, 8.77, 9.26, 8.10, 6.13, 3.10, 9.13, 7.26, 4.74.

ಹಂತ 2: ಕಣ್ಣು ಕಿರಿದಾಗಿಸಿ ಆಕಾರ ನೋಡಿ

ಒಂದೊಂದೇ ಚುಕ್ಕೆಯನ್ನು ನೋಡಬೇಡಿ. ನಕ್ಷೆಯಿಂದ ತುಸು ಹಿಂದೆ ಸರಿದು ಚುಕ್ಕೆಗಳ ಒಟ್ಟು ಮೋಡವನ್ನು ನೋಡಿ. ಮೊದಲ ನಕ್ಷೆಯ ಮೋಡ ಓರೆಯಾಗಿ ಮಲಗಿದೆ, ಅದರ ನಡುವೆ ಒಂದು ನೇರ ಗೆರೆ ಎಳೆಯಬಹುದು. ಎರಡನೆಯದು ಹಾಗಲ್ಲ. ಅಡ್ಡ ಅಕ್ಷದಲ್ಲಿ 11 ಬರುವವರೆಗೆ ಚುಕ್ಕೆಗಳು ಏರುತ್ತವೆ, 9.26 ಮುಟ್ಟುತ್ತವೆ, ಅಲ್ಲಿಂದ ಮುಂದೆ ಬಾಗಿ 14ರ ಹೊತ್ತಿಗೆ 8.10ಕ್ಕೆ ಇಳಿಯುತ್ತವೆ. ಬಿಲ್ಲಿನಂಥ ನಯವಾದ ಬಾಗು.

ಕುತೂಹಲದ ಸಂಗತಿ ಎಂದರೆ ಈ ಎರಡೂ ಗುಂಪುಗಳ ಸಹಸಂಬಂಧ ಗುಣಾಂಕ ಒಂದೇ, 0.816. ಸರಾಸರಿಗಳೂ ಒಂದೇ, ಅಡ್ಡ ಅಕ್ಷದ್ದು 9, ಲಂಬ ಅಕ್ಷದ್ದು 7.5. ಚುಕ್ಕೆಗಳಿಗೆ ಅತಿ ಚೆನ್ನಾಗಿ ಒಪ್ಪುವಂತೆ ಲೆಕ್ಕಹಾಕಿ ಹೊಂದಿಸಿದ ಸರಳರೇಖೆಯೂ ಒಂದೇ. ಇವು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆ್ಯನ್‌ಸ್ಕೂಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಗುಂಪುಗಳಲ್ಲಿ ಮೊದಲೆರಡು. ಗಣಕದಿಂದ ಬಂದ ಸಂಖ್ಯೆಯೇ ನಿಖರ, ಚಿತ್ರ ಬರೀ ಅಲಂಕಾರ ಎಂದು ನಂಬಿದ್ದವರಿಗಾಗಿಯೇ ಆತ ಇವನ್ನು ಹೆಣೆದದ್ದು. ಐವತ್ತು ವರ್ಷ ದಾಟಿದರೂ ಆ ನಂಬಿಕೆ ಸತ್ತಿಲ್ಲ.

ಇದಕ್ಕಿಂತ ತೀವ್ರವಾದ ಉದಾಹರಣೆಯನ್ನು ನೀವೇ ಮಾಡಿಕೊಳ್ಳಬಹುದು. ಅಡ್ಡ ಅಕ್ಷದಲ್ಲಿ −3ರಿಂದ 3ರವರೆಗಿನ ಏಳು ಪೂರ್ಣಾಂಕಗಳನ್ನು, ಲಂಬ ಅಕ್ಷದಲ್ಲಿ ಅವುಗಳ ವರ್ಗಗಳನ್ನು ಹಾಕಿ: 9, 4, 1, 0, 1, 4, 9. ಒಂದು ಗೊತ್ತಾದರೆ ಇನ್ನೊಂದನ್ನು ಕರಾರುವಾಕ್ಕಾಗಿ ಹೇಳಬಹುದಾದಷ್ಟು ಗಟ್ಟಿ ಸಂಬಂಧ. ಗುಣಾಂಕ ಮಾತ್ರ ಸೊನ್ನೆ! ಎಡಬದಿಯ ಇಳಿತ ಬಲಬದಿಯ ಏರಿಕೆಯನ್ನು ಪೂರ್ತಿ ರದ್ದುಮಾಡಿಬಿಡುತ್ತದೆ. ಆದ್ದರಿಂದ ಗುಣಾಂಕ ಸೊನ್ನೆ ಎಂದಾಕ್ಷಣ ಸಂಬಂಧವಿಲ್ಲ ಎಂದು ಬರೆಯಬೇಡಿ. ಸರಳರೇಖೆಯ ಸಂಬಂಧವಿಲ್ಲ ಎಂದು ಬರೆಯಿರಿ.

ಬಾಗುಗಳಲ್ಲೂ ಎರಡು ಬಗೆ. ಏರುತ್ತಲೇ ಹೋಗಿ ವೇಗ ಮಾತ್ರ ಕುಗ್ಗುವುದು ಒಂದು, ಏರಿ ಇಳಿಯುವುದು ಇನ್ನೊಂದು. ಮೊದಲನೆಯದಕ್ಕೆ ‘ಧನಾತ್ಮಕ, ಆದರೆ ವಕ್ರ’ ಎನ್ನಬಹುದು. ಅಳತೆಗಳ ಬದಲು ಅವುಗಳ ಏರಿಕೆಯ ಕ್ರಮಸ್ಥಾನಗಳನ್ನು ಹೋಲಿಸುವ ಸ್ಪಿಯರ್‌ಮನ್‌ನ ಶ್ರೇಣಿ ಸಹಸಂಬಂಧ ಇಂಥವಕ್ಕೆ ಒಗ್ಗುತ್ತದೆ. ಎರಡನೆಯದಕ್ಕೆ ಒಂದೇ ದಿಕ್ಕಿನ ಹೆಸರು ಕೊಡಲಾಗದು. ಎಲ್ಲಿಯವರೆಗೆ ಏರಿಕೆ, ಎಲ್ಲಿಂದ ಇಳಿತ ಎಂದು ಬಿಡಿಸಿ ಹೇಳುವುದೇ ಸರಿ.

ಮೂರನೆಯ ಸಾಧ್ಯತೆ, ಮೋಡವೇ ಎರಡಾಗಿ ಒಡೆದಿರುವುದು. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಓಲ್ಡ್ ಫೇಯ್ತ್‌ಫುಲ್ ಎಂಬ ಬಿಸಿನೀರ ಬುಗ್ಗೆ ಇದೆ. ಅದು ಎಷ್ಟು ನಿಮಿಷ ಚಿಮ್ಮಿತು, ಮುಂದಿನ ಚಿಮ್ಮುಗೆಗೆ ಎಷ್ಟು ನಿಮಿಷ ಕಾಯಬೇಕಾಯಿತು ಎಂಬ 272 ದಾಖಲೆಗಳು ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ‘ಆರ್’ ತಂತ್ರಾಂಶದಲ್ಲಿಯೇ ಸಿಗುತ್ತವೆ. ಗುಣಾಂಕ ಸುಮಾರು 0.90. ಆದರೆ ನಕ್ಷೆಯಲ್ಲಿ ಉದ್ದನೆಯ ಒಂದು ಪಟ್ಟಿ ಕಾಣುವುದಿಲ್ಲ, ನಡುವೆ ಖಾಲಿ ಬಿಟ್ಟುಕೊಂಡ ಎರಡು ಗುಪ್ಪೆಗಳು ಕಾಣುತ್ತವೆ. ಮೂರು ನಿಮಿಷದೊಳಗೆ ಮುಗಿದ ಚಿಮ್ಮುಗೆಯ ನಂತರ ಕಾಯುವಿಕೆ ಸರಾಸರಿ 55 ನಿಮಿಷದ ಆಸುಪಾಸು, ಉದ್ದನೆಯದರ ನಂತರ 80ರ ಆಸುಪಾಸು. 0.90ರ ಬಹುಭಾಗ ಈ ಎರಡು ಗುಪ್ಪೆಗಳ ನಡುವಿನ ಅಂತರದಿಂದ ಬಂದದ್ದು. ಒಂದೇ ಗುಪ್ಪೆಯೊಳಗೆ ನೋಡಿದರೆ ಸಂಬಂಧ ಬಹಳ ಕುಗ್ಗುತ್ತದೆ.

ಹಂತ 3: ದಿಕ್ಕನ್ನು ಎಣಿಸಿ ತಿಳಿಯಿರಿ

ಆಕಾರ ಸರಿಸುಮಾರು ನೇರ ಎಂದು ಖಚಿತವಾದ ಮೇಲೆ ದಿಕ್ಕಿನ ಪ್ರಶ್ನೆ. ಕಣ್ಣಂದಾಜಿನಲ್ಲಿ ತೀರ್ಮಾನವಾಗದಿದ್ದರೆ ಒಂದು ಸುಲಭ ಉಪಾಯವಿದೆ. ಎರಡೂ ಅಕ್ಷಗಳ ಸರಾಸರಿಯ ಬಳಿ ಒಂದೊಂದು ಗೆರೆ ಎಳೆದು ನಕ್ಷೆಯನ್ನು ನಾಲ್ಕು ಮನೆ ಮಾಡಿ. ನಮ್ಮ ಮೊದಲ ನಕ್ಷೆಯಲ್ಲಿ ಲಂಬ ಗೆರೆ 9ರಲ್ಲಿ, ಅಡ್ಡ ಗೆರೆ 7.5ರಲ್ಲಿ.

ಈಗ ಎಣಿಸಿ. ಬಲ ಮೇಲ್ಮನೆಯಲ್ಲಿ ಐದು ಚುಕ್ಕೆಗಳು: 10, 11, 12, 13, 14ರವು. ಎಡ ಕೆಳಮನೆಯಲ್ಲಿ ಐದು: 4, 5, 6, 7, 8ರವು. 9ರ ಚುಕ್ಕೆ ಗೆರೆಯ ಮೇಲೆಯೇ ಕುಳಿತಿದೆ, ಬಿಟ್ಟುಬಿಡಿ. ಉಳಿದೆರಡು ಮನೆಗಳು ಖಾಲಿ. 13ರ ಚುಕ್ಕೆ 7.58ರಲ್ಲಿದ್ದು ಗೆರೆಗೆ ಕೂದಲೆಳೆಯಷ್ಟು ಮೇಲಿದೆ, 6ರದ್ದು 7.24ರಲ್ಲಿ ತುಸುವೇ ಕೆಳಗಿದೆ. ಇವೆರಡು ಸಂಬಂಧವನ್ನು ಸಡಿಲಗೊಳಿಸಿದ ಚುಕ್ಕೆಗಳಲ್ಲಿ ಸೇರಿವೆ. ಬಲ ಮೇಲ್ಮನೆ ಮತ್ತು ಎಡ ಕೆಳಮನೆಯಲ್ಲಿ ಹೆಚ್ಚು ಚುಕ್ಕೆಗಳಿದ್ದರೆ ಧನಾತ್ಮಕ. ಎಡ ಮೇಲ್ಮನೆ ಮತ್ತು ಬಲ ಕೆಳಮನೆಯಲ್ಲಿ ಹೆಚ್ಚಿದ್ದರೆ ಋಣಾತ್ಮಕ. ನಾಲ್ಕರಲ್ಲೂ ಹೆಚ್ಚುಕಡಿಮೆ ಸಮವಾಗಿದ್ದರೆ ಸರಳರೇಖೆಯ ಸಹಸಂಬಂಧ ಇಲ್ಲ ಅಥವಾ ಇದ್ದೂ ಇಲ್ಲದಂತೆ.

ಇದು ಬರೀ ಉಪಾಯವಲ್ಲ. ಸಹಸಂಬಂಧ ಗುಣಾಂಕ ಲೆಕ್ಕಹಾಕುವ ಕಾರ್ಲ್ ಪಿಯರ್‌ಸನ್‌ನ ಸೂತ್ರದ ಅಂಶಭಾಗ (ಭಿನ್ನರಾಶಿಯ ಮೇಲಿನ ಭಾಗ) ಮಾಡುವುದೂ ಇದನ್ನೇ. ಪ್ರತಿ ಚುಕ್ಕೆ ಎರಡು ಸರಾಸರಿಗಳಿಂದ ಎಷ್ಟೆಷ್ಟು ದೂರವಿದೆ ಎಂದು ಅಳೆದು, ಆ ದೂರಗಳನ್ನು ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ಬಲ ಮೇಲ್ಮನೆಯಲ್ಲಿ ಎರಡೂ ಧನ, ಎಡ ಕೆಳಮನೆಯಲ್ಲಿ ಎರಡೂ ಋಣ. ಎರಡೂ ಕಡೆ ಗುಣಲಬ್ಧ ಧನವೇ. ಚಿತ್ರವನ್ನು ಮನೆಗಳಾಗಿ ನೋಡಲು ಕಲಿತವರಿಗೆ ಸೂತ್ರವನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ಹಂತ 4: ಸಂಬಂಧ ಎಷ್ಟು ಬಿಗಿ?

ಚುಕ್ಕೆಗಳು ಕಾಲ್ಪನಿಕ ಗೆರೆಗೆ ಎಷ್ಟು ಹತ್ತಿರ ಒತ್ತಿಕೊಂಡಿವೆ ಎಂಬುದೇ ಬಲ. ಗೆರೆ ಎಷ್ಟು ಕಡಿದಾಗಿದೆ ಎಂಬುದು ಬಲವಲ್ಲ. ಈ ಎರಡನ್ನು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಕಿಲೋಗ್ರಾಂಗಳನ್ನು ಗ್ರಾಂಗಳಿಗೆ ಬದಲಿಸಿದರೆ ಇಳಿಜಾರು ಸಾವಿರ ಪಟ್ಟು ಬದಲಾಗುತ್ತದೆ, ಗುಣಾಂಕ ಕದಲುವುದಿಲ್ಲ. ಚುಕ್ಕೆಗಳೆಲ್ಲ ಪೂರ್ತಿ ಅಡ್ಡಗೆರೆಯ ಮೇಲೆ ಸಾಲುಗಟ್ಟಿದ್ದರೆ ‘ಪರಿಪೂರ್ಣ’ ಎನ್ನಬೇಡಿ. ಅಲ್ಲಿ ಲಂಬ ಅಕ್ಷದ ಚಲಕ ಬದಲಾಗುತ್ತಲೇ ಇಲ್ಲ, ಗುಣಾಂಕ ಲೆಕ್ಕಹಾಕಲೂ ಬರುವುದಿಲ್ಲ.

ಕಣ್ಣಿಗೆ ಅಭ್ಯಾಸವಾಗಲು ಕೆಲವು ನಿಜವಾದ ಮೈಲುಗಲ್ಲುಗಳು ಬೇಕು. ಪಿಯರ್‌ಸನ್ ಮತ್ತು ಆಲಿಸ್ ಲೀ 1903ರಲ್ಲಿ ಪ್ರಕಟಿಸಿದ 1078 ತಂದೆ–ಮಗ ಜೋಡಿಗಳ ಎತ್ತರದ ದತ್ತಾಂಶದಲ್ಲಿ ಗುಣಾಂಕ ಸುಮಾರು 0.5. ಆ ನಕ್ಷೆ ನೋಡಿದರೆ ಬಹುತೇಕರಿಗೆ ನಿರಾಸೆಯಾಗುತ್ತದೆ. ಓರೆಯಾದ ದಪ್ಪ ಮೊಟ್ಟೆಯಂಥ ಮೋಡ, ಅದರಲ್ಲಿ ಗಿಡ್ಡ ತಂದೆಯ ಎತ್ತರದ ಮಕ್ಕಳೂ ಇದ್ದಾರೆ, ಎತ್ತರದ ತಂದೆಯ ಗಿಡ್ಡ ಮಕ್ಕಳೂ ಇದ್ದಾರೆ. 0.5ನ್ನು ವರ್ಗ ಮಾಡಿದರೆ 0.25, ಮಕ್ಕಳ ಎತ್ತರದಲ್ಲಿನ ಏರುಪೇರಿನ ಕಾಲು ಭಾಗಕ್ಕೆ ಮಾತ್ರ ಈ ಗೆರೆ ಲೆಕ್ಕ ಕೊಡುತ್ತದೆ. ‘ಅರ್ಧ ಸಂಬಂಧ’ ಎಂದು ತಿಳಿದರೆ ತಪ್ಪು. ಇನ್ನೊಂದು ತುದಿಯಲ್ಲಿ, ಮುಂದಿನ ಹಂತವೊಂದರಲ್ಲಿ ಬರುವ ಐರಿಸ್ ಹೂವುಗಳ ದಳದ ಉದ್ದ ಮತ್ತು ಅಗಲದ ನಡುವಿನ ಗುಣಾಂಕ 0.96. ಅಲ್ಲಿ ಚುಕ್ಕೆಗಳು ಕಿರಿದಾದ ಪಟ್ಟಿಯೊಳಗೆ ಸೇರಿಕೊಂಡಿವೆ.

0.7 ದಾಟಿದರೆ ಪ್ರಬಲ, 0.3ಕ್ಕಿಂತ ಕೆಳಗಿದ್ದರೆ ದುರ್ಬಲ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅವನ್ನು ಕಣ್ಣುಮುಚ್ಚಿ ಅನುಸರಿಸುವುದು ನನಗೆ ಒಪ್ಪಿಗೆಯಿಲ್ಲ. ಪ್ರಯೋಗಾಲಯದಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ ಹಿಗ್ಗುವಿಕೆ ಅಳೆದಾಗ 0.9 ಬಂದರೆ ಉಪಕರಣದಲ್ಲೇ ಏನೋ ದೋಷವಿದೆ. ಮನುಷ್ಯರ ನಡವಳಿಕೆಯ ಅಧ್ಯಯನದಲ್ಲಿ 0.4 ಬಂದರೂ ಗಮನಿಸಬೇಕಾದ ಸಂಗತಿಯೇ.

ಹಂತ 5: ಒಂಟಿ ಚುಕ್ಕೆಗಳನ್ನು ವಿಚಾರಿಸಿ

ಆ್ಯನ್‌ಸ್ಕೂಂಬ್‌ನ ಮೂರನೆಯ ಗುಂಪಿನಲ್ಲಿ ಹತ್ತು ಚುಕ್ಕೆಗಳು ನೂಲು ಹಿಡಿದಂತೆ ಒಂದೇ ಗೆರೆಯಲ್ಲಿವೆ. ಹನ್ನೊಂದನೆಯದು (13, 12.74) ಮಾತ್ರ ಮೇಲಕ್ಕೆ ಹಾರಿದೆ. ಅದೊಂದೇ ಗುಣಾಂಕವನ್ನು 0.816ಕ್ಕೆ ಎಳೆದು ತಂದದ್ದು. ನಾಲ್ಕನೆಯದು ಇನ್ನೂ ವಿಚಿತ್ರ: ಹತ್ತು ಚುಕ್ಕೆಗಳು ಅಡ್ಡ ಅಕ್ಷದ 8ರ ಮೇಲೆ ಕಂಬದಂತೆ ನಿಂತಿವೆ, ಒಂದು ಚುಕ್ಕೆ ದೂರದ (19, 12.50)ರಲ್ಲಿದೆ. ಆ ಒಂದನ್ನು ಬೆರಳಿನಿಂದ ಮುಚ್ಚಿ ನೋಡಿ, ಸಂಬಂಧವೇ ಮಾಯ. ಈ ಬೆರಳಿನ ಪರೀಕ್ಷೆಯನ್ನು ಪ್ರತಿ ನಕ್ಷೆಗೂ ಮಾಡಿ. ಒಂದು ಚುಕ್ಕೆ ಮುಚ್ಚಿದಾಗ ನಿಮ್ಮ ತೀರ್ಮಾನ ಬದಲಾಗುವುದಾದರೆ ಆ ತೀರ್ಮಾನ ನಿಂತಿರುವುದು ಒಂದೇ ಕಾಲಿನ ಮೇಲೆ.

ಹಾಗೆಂದು ಒಂಟಿ ಚುಕ್ಕೆಯನ್ನು ಅಳಿಸಿಬಿಡುವ ಆತುರ ಬೇಡ. ಟೈಪಿಂಗ್ ತಪ್ಪಾಗಿದ್ದರೆ ತಿದ್ದಿ. ಇಲ್ಲವಾದರೆ ಅದು ಯಾಕೆ ಅಲ್ಲಿದೆ ಎಂದು ಕೇಳಿ. ಕರ್ನಾಟಕದ ಊರುಗಳ ಸಮುದ್ರಮಟ್ಟದಿಂದ ಎತ್ತರವನ್ನು ಅಡ್ಡ ಅಕ್ಷಕ್ಕೂ ಏಪ್ರಿಲ್ ತಿಂಗಳ ಹಗಲಿನ ತಾಪಮಾನವನ್ನು ಲಂಬ ಅಕ್ಷಕ್ಕೂ ಹಾಕಿದಿರಿ ಎನ್ನೋಣ. ಸುಮಾರು 400–450 ಮೀಟರ್ ಎತ್ತರದ ರಾಯಚೂರು, ಕಲಬುರಗಿ ಬೇಯುತ್ತಿರುತ್ತವೆ. 900 ಮೀಟರ್ ದಾಟಿದ ಬೆಂಗಳೂರು ಅವುಗಳಿಗಿಂತ ತಂಪು. 1,100 ಮೀಟರ್ ಮೀರಿದ ಮಡಿಕೇರಿ ಇನ್ನೂ ತಂಪು. ಸ್ಪಷ್ಟವಾದ ಋಣಾತ್ಮಕ ಸಹಸಂಬಂಧ. ಆದರೆ ಸಮುದ್ರದ ಮಟ್ಟದಲ್ಲೇ ಇರುವ ಮಂಗಳೂರು, ಕಾರವಾರಗಳು ಈ ಲೆಕ್ಕದಲ್ಲಿ ರಾಯಚೂರಿಗಿಂತ ಬಿಸಿಯಾಗಿರಬೇಕಿತ್ತು. ಹಾಗಿರುವುದಿಲ್ಲ, ಪಟ್ಟಿಯಿಂದ ಕೆಳಗೆ ಎಡಮೂಲೆಗೆ ಜಾರಿರುತ್ತವೆ. ಕಡಲಗಾಳಿ ಅಲ್ಲಿನ ಹಗಲಿನ ಬಿಸಿಯನ್ನು ಹದದಲ್ಲಿಡುತ್ತದೆ. ಆ ಚುಕ್ಕೆಗಳನ್ನು ‘ಅಪವಾದ’ ಎಂದು ಕಿತ್ತುಹಾಕಿದರೆ ನಕ್ಷೆಯಲ್ಲಿದ್ದ ಎರಡನೆಯ ಕಾರಣವೇ ಕೈಬಿಟ್ಟುಹೋಗುತ್ತದೆ.

ಹಂತ 6: ಬಣ್ಣ ಹಚ್ಚಿ ಮತ್ತೊಮ್ಮೆ ನೋಡಿ

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು, ಅತಿ ಹೆಚ್ಚು ಕೊಡುವುದೂ ಇದೇ. ಎಡ್ಗರ್ ಆ್ಯಂಡರ್‌ಸನ್ ಅಳೆದು, ರೊನಾಲ್ಡ್ ಫಿಶರ್ 1936ರ ಲೇಖನದಲ್ಲಿ ಬಳಸಿದ 150 ಐರಿಸ್ ಹೂವುಗಳ ಅಳತೆಗಳು ಇಂದಿಗೂ ದತ್ತಾಂಶ ಕಲಿಯುವವರ ಮೊದಲ ಪಾಠ. ಮೂರು ಪ್ರಭೇದಗಳು, ಒಂದೊಂದರಲ್ಲೂ 50 ಹೂವು. ಪುಷ್ಪಪತ್ರದ (ದಳಗಳ ಹೊರಗಿನ ಎಸಳು, ಸೆಪಲ್) ಉದ್ದವನ್ನು ಅಡ್ಡಕ್ಕೆ, ಅಗಲವನ್ನು ಲಂಬಕ್ಕೆ ಹಾಕಿ ಎಲ್ಲಕ್ಕೂ ಒಂದೇ ಬಣ್ಣ ಕೊಟ್ಟರೆ ಗುಣಾಂಕ −0.12. ‘ಸಂಬಂಧವಿಲ್ಲ, ಇದ್ದರೂ ತುಸು ಋಣಾತ್ಮಕ’ ಎಂದು ಬರೆದು ಮುಂದಕ್ಕೆ ಹೋಗುವಂಥ ನಕ್ಷೆ.

ಈಗ ಪ್ರಭೇದಕ್ಕೊಂದು ಬಣ್ಣ ಕೊಡಿ. ಸೆಟೋಸಾ ಎಡಬದಿಯಲ್ಲಿ ಮೇಲಕ್ಕೆ ಬೇರೆಯಾಗಿ ನಿಲ್ಲುತ್ತದೆ, ಅದರೊಳಗಿನ ಗುಣಾಂಕ +0.74. ವರ್ಸಿಕಲರ್‌ನೊಳಗೆ +0.53, ವರ್ಜಿನಿಕಾದೊಳಗೆ +0.46. ಮೂರರಲ್ಲೂ ಉದ್ದ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ. ಬೆರೆಸಿದಾಗ ಮಾತ್ರ ದಿಕ್ಕು ತಿರುಗುತ್ತದೆ. ಸೆಟೋಸಾದ ಪುಷ್ಪಪತ್ರ ಗಿಡ್ಡ ಮತ್ತು ಅಗಲ, ಉಳಿದವುಗಳದ್ದು ಉದ್ದ ಮತ್ತು ಅದಕ್ಕಿಂತ ಕಿರಿದು. ಹೀಗಾಗಿ ಗುಂಪುಗಳು ಎಡ ಮೇಲಿನಿಂದ ಬಲ ಕೆಳಕ್ಕೆ ಸಾಲುಗಟ್ಟಿವೆ, ಪ್ರತಿ ಗುಂಪಿನೊಳಗಿನ ಚುಕ್ಕೆಗಳು ಮಾತ್ರ ಏರುಮುಖ. ನಿಮ್ಮ ದತ್ತಾಂಶದಲ್ಲಿ ಲಿಂಗ, ಜಿಲ್ಲೆ, ಋತು, ತಳಿ ಎಂಬಂಥ ಯಾವುದೇ ವಿಂಗಡಣೆಯ ಕಾಲಂ ಇದ್ದರೆ ಅದನ್ನು ಬಣ್ಣವಾಗಿಸಿ ನೋಡದೆ ಸಹಸಂಬಂಧದ ಬಗೆಯನ್ನು ಘೋಷಿಸಬೇಡಿ.

ಹಂತ 7: ಕಾಣದ ಚುಕ್ಕೆಗಳ ಬಗ್ಗೆ ಕೇಳಿ

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಉಡಾವಣೆಯಾದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ಬೂಸ್ಟರ್ ರಾಕೆಟ್‌ನ ಜೋಡಣೆಯಲ್ಲಿ ಬಿಸಿ ಅನಿಲ ಸೋರದಂತೆ ತಡೆಯಬೇಕಿದ್ದ ರಬ್ಬರಿನ ಉಂಗುರ, ಓ-ರಿಂಗ್, ಚಳಿಗೆ ಪೆಡಸಾಗಿ ತನ್ನ ಕೆಲಸ ಮಾಡಲಿಲ್ಲ. ಹಿಂದಿನ ರಾತ್ರಿ ಎಂಜಿನಿಯರುಗಳು ಮತ್ತು ಅಧಿಕಾರಿಗಳ ನಡುವೆ ಚಳಿಯ ಬಗ್ಗೆಯೇ ಚರ್ಚೆಯಾಗಿತ್ತು. ತನಿಖೆ ನಡೆಸಿದ ರೋಜರ್ಸ್ ಆಯೋಗ ತನ್ನ ವರದಿಯಲ್ಲಿ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಿತು. ಮೊದಲನೆಯದರಲ್ಲಿ ಓ-ರಿಂಗ್‌ಗೆ ಹಾನಿಯಾದ ಏಳು ಹಾರಾಟಗಳು ಮಾತ್ರ. 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೂ ಹಾನಿ, 75ರಲ್ಲೂ ಹಾನಿ. ತಾಪಮಾನಕ್ಕೂ ಹಾನಿಗೂ ಸಂಬಂಧ ಕಾಣುವುದಿಲ್ಲ. ಎರಡನೆಯದರಲ್ಲಿ ಹಾನಿಯಿಲ್ಲದ ಹಾರಾಟಗಳನ್ನೂ ಸೇರಿಸಲಾಗಿತ್ತು. 66 ಡಿಗ್ರಿ ಮತ್ತು ಅದಕ್ಕಿಂತ ಬಿಸಿಯಲ್ಲಿ ನಡೆದ 20 ಹಾರಾಟಗಳಲ್ಲಿ ಮೂರಕ್ಕೆ ಮಾತ್ರ ಹಾನಿ. 63 ಡಿಗ್ರಿ ಮತ್ತು ಕೆಳಗೆ ನಡೆದ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ.

ಸೊನ್ನೆ ಎಂದು ಬಿಟ್ಟುಬಿಟ್ಟ ಚುಕ್ಕೆಗಳೇ ಉತ್ತರ ಹೇಳುತ್ತಿದ್ದವು. ಇನ್ನೊಂದು ಅಪಾಯವೂ ಅಲ್ಲೇ ಇತ್ತು: ನಕ್ಷೆಯ ಅತ್ಯಂತ ಎಡದ ಚುಕ್ಕೆ 53 ಡಿಗ್ರಿಯದು, ಆ ಬೆಳಗಿನ ಚಳಿ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನದು. ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನಿಮ್ಮ ನಕ್ಷೆಯನ್ನು ಓದುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾರನ್ನು ಸೇರಿಸಿಲ್ಲ, ಅಕ್ಷದ ಯಾವ ಭಾಗದಲ್ಲಿ ಅಳತೆಯೇ ಆಗಿಲ್ಲ.

ಕಾರಣ–ಪರಿಣಾಮದ ಎಚ್ಚರಿಕೆಯನ್ನು ಎಲ್ಲರೂ ಕೇಳಿರುತ್ತೀರಿ, ಹಾಗಾಗಿ ಒಂದೇ ಮಾತು. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಯಾವ ಎರಡು ಸಂಗತಿಗಳನ್ನು ತಂದರೂ ಬಲವಾದ ಧನಾತ್ಮಕ ಸಹಸಂಬಂಧ ಸಿಗುತ್ತದೆ. ಚುಕ್ಕೆಗಳು ವರ್ಷಗಳಾಗಿದ್ದರೆ ದುಪ್ಪಟ್ಟು ಅನುಮಾನ ಇರಲಿ.

ಹಂತ 8: ಕಂಡದ್ದನ್ನು ಬರೆಯಿರಿ

‘ಇದು ಋಣಾತ್ಮಕ ಸಹಸಂಬಂಧ’ ಎಂಬ ಮೂರು ಪದಗಳ ಉತ್ತರ ಸಾಲದು. ಆಕಾರ, ದಿಕ್ಕು, ಬಲ, ಒಂಟಿ ಚುಕ್ಕೆ, ಅಳತೆಯ ವ್ಯಾಪ್ತಿ, ಚುಕ್ಕೆಗಳ ಸಂಖ್ಯೆ ಬರಲಿ. ಚಲಕಗಳ ಹೆಸರು ಮತ್ತು ಮಾನಗಳಂತೂ ಬರಲೇಬೇಕು. ‘ಆರ್’ ತಂತ್ರಾಂಶದೊಂದಿಗೆ ಬರುವ ಕಾರುಗಳ ದತ್ತಾಂಶವನ್ನು ನಕ್ಷೆಗೆ ಇಳಿಸಿದರೆ ನಾನು ಬರೆಯುವುದು ಹೀಗೆ:

1973–74ರ ಮಾದರಿಯ 32 ಕಾರುಗಳಲ್ಲಿ ತೂಕ ಹೆಚ್ಚಿದಂತೆ ಪ್ರತಿ ಗ್ಯಾಲನ್‌ಗೆ ಓಡುವ ಮೈಲುಗಳು ಕಡಿಮೆಯಾಗುತ್ತವೆ. ಸಂಬಂಧ ಪ್ರಬಲವಾಗಿದೆ, ಗುಣಾಂಕ −0.87. ಚುಕ್ಕೆಗಳು ಹೆಚ್ಚುಕಡಿಮೆ ನೇರವಾಗಿ ಇಳಿದರೂ ಸೂಕ್ಷ್ಮವಾಗಿ ನೋಡಿದರೆ ತುಸು ಬಾಗಿವೆ: ಹಗುರ ಕಾರುಗಳ ಕಡೆ ಇಳಿತ ಕಡಿದಾಗಿದೆ, ಭಾರದ ಕಡೆ ಸಪಾಟಾಗುತ್ತದೆ. 5,000 ಪೌಂಡ್ ಮೀರಿದ ಮೂರು ಕಾರುಗಳು ಉಳಿದವುಗಳಿಂದ ಬಲಕ್ಕೆ ದೂರ ನಿಂತಿವೆ, ಆದರೂ ಇಳಿಯುವ ದಿಕ್ಕನ್ನು ಬಿಟ್ಟಿಲ್ಲ. ಅಳತೆಯಾದ ಕಾರುಗಳ ತೂಕ ಸುಮಾರು 1,500ರಿಂದ 5,400 ಪೌಂಡ್. ಅದರಾಚೆಯ ವಾಹನಗಳಿಗೆ ಈ ನಕ್ಷೆಯನ್ನು ಅನ್ವಯಿಸಲಾಗದು.